ಮೊದಲ ಪಿಸಿ ಜೋಡಿಸೋರಿಗೆ: ಯಾವುದಕ್ಕೆ ಈಗ ದುಡ್ಡು ಹಾಕ್ಬೇಕು, ಯಾವುದಕ್ಕೆ ಆಮೇಲೆ

ದಾವಣಗೆರೇಲಿ ಯಾವುದಾದ್ರೂ ಕಂಪ್ಯೂಟರ್ ಅಂಗಡಿಗೆ ಹೋಗಿ "ಅಣ್ಣಾ, ಒಂದು ಪಿಸಿ ಅಸೆಂಬಲ್ ಮಾಡಿಸ್ಬೇಕಿತ್ತು, ಎಷ್ಟಾಗುತ್ತೆ" ಅಂದ್ರೆ ಒಂದು ಚೀಟೀಲಿ ಕೊಟೇಶನ್ ಬರ್ದು ಕೊಡ್ತಾರೆ. ಅದ್ರಲ್ಲಿ ಇರೋದು ಹೆಚ್ಚುಕಮ್ಮಿ ಹಿಂಗೆ: ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ (ಒಳಗಿನ ಪಾರ್ಟುಗಳಿಗೆ ಕರೆಂಟ್ ಹಂಚೋ ಡಬ್ಬಿ) ಸಮೇತ ಕ್ಯಾಬಿನೆಟ್, ಕೆಳಗೊಂದು ಟೋಟಲ್. ಓದಿದ್ರೆ ಎಲ್ಲಾ ಐತಲ್ಲ ಅನ್ಸುತ್ತೆ. ಆದ್ರೆ ಐದು ಸಾಲಲ್ಲಿ ಒಂದೂ ಪೂರ್ತಿ ವಿಷ್ಯ ಹೇಳ್ತಿಲ್ಲ. ಐ5 ಸರಿ, ಯಾವ ಜನರೇಶನ್? 16 ಜಿಬಿ ಒಂದೇ ಸ್ಟಿಕ್ಕೋ ಎರಡೋ? ಎಸ್‌ಎಸ್‌ಡಿ ನಿಧಾನದ ಸಾಟಾದೋ ವೇಗದ ಎನ್‌ವಿಎಂಇದೋ? ಎಸ್‌ಎಂಪಿಎಸ್ ಯಾರದ್ದು, ಎಷ್ಟು ಆಂಪಿಯರ್ ಕೊಡುತ್ತೆ? ಕೇಳೋರು ಕೇಳಲ್ಲ, ಹಂಗಾಗಿ ಬರೆಯೋರೂ ಬರೆಯಲ್ಲ. ಆ ಚೀಟಿ ಕೈಗೆ ಬಂದಾಗ ಯಾವ ಸಾಲಿನ ಮುಂದೆ ಏನು ಕೇಳ್ಬೇಕು ಅನ್ನೋದನ್ನ ಇಲ್ಲಿ ಒಂದೊಂದಾಗಿ ಬಿಡಿಸಿ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ಲೆಕ್ಕ ತಲೇಲಿ ಇಟ್ಕೊಳ್ರಿ, ಮುಂದೆ ಎಲ್ಲಾ ಕಡೆ ಇದೇ ಲೆಕ್ಕ ಬರುತ್ತೆ. ಪಿಸಿ ಪಾರ್ಟುಗಳಲ್ಲಿ ಎರಡು ಜಾತಿ. ಕೆಲವನ್ನ ಆರು ತಿಂಗಳೋ ವರ್ಷವೋ ಬಿಟ್ಟು ಸುಮ್ನೆ ತಂದು ಚುಚ್ಚಬಹುದು: ಇನ್ನೊಂದು ರ‍್ಯಾಮ್, ಇನ್ನೊಂದು ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್. ಇನ್ನು ಕೆಲವನ್ನ ಬದಲಾಯಿಸ್ಬೇಕು ಅಂದ್ರೆ ಇಡೀ ಡಬ್ಬಿ ಬಿಚ್ಚಬೇಕು, ಹಳೇದು ದಂಡ ಆಗುತ್ತೆ: ಮದರ್‌ಬೋರ್ಡು (ಎಲ್ಲಾ ಪಾರ್ಟೂ ಕೂರೋ ಹಲಗೆ), ಎಸ್‌ಎಂಪಿಎಸ್, ಕ್ಯಾಬಿನೆಟ್. ಕಮ್ಮಿ ದುಡ್ಡಲ್ಲಿ ಮೊದಲ ಪಿಸಿ ಮಾಡೋರು ಎರಡನೇ ಜಾತೀದನ್ನ ಈಗಲೇ ಸರಿಯಾಗಿ ತಗೊಂಡು ಮೊದಲನೇ ಜಾತೀದನ್ನ ಆಮೇಲಕ್ಕೆ ಬಿಡ್ಬೇಕು. ಜನ ಮಾಡೋದು ಇದರ ಉಲ್ಟಾ. ದೊಡ್ಡ ಪ್ರೊಸೆಸರು, ಬಣ್ಣದ ಲೈಟಿನ ಫ್ಯಾನು ಹಾಕಿಸಿ, ಉಳಿದಿದ್ದರಲ್ಲಿ ಸಿಕ್ಕಿದ್ದು ಎಸ್‌ಎಂಪಿಎಸ್.

ಯಾವ ಕೆಲಸಕ್ಕೆ ಅನ್ನೋದೂ ಮೊದ್ಲೇ ಖಚಿತ ಆಗ್ಬೇಕು. ಬಿಐಇಟಿನೋ ಯುಬಿಡಿಟಿನೋ ಅಂತ ಇಂಜಿನಿಯರಿಂಗ್ ಕಾಲೇಜು ಸೇರಿರೋ ಹುಡುಗನಿಗೆ ಪ್ರೋಗ್ರಾಮಿಂಗ್, ಸ್ವಲ್ಪ ಕ್ಯಾಡ್, ರಾತ್ರಿ ಗೆಳೆಯರ ಜೊತೆ ಒಂದು ಗೇಮ್. ಫೋಟೋ ಸ್ಟುಡಿಯೋ ಇಟ್ಕೊಂಡು ಮದುವೆ ಆಲ್ಬಂ ಡಿಸೈನ್ ಮಾಡೋರಿಗೆ ಫೋಟೋಶಾಪಲ್ಲಿ ದೊಡ್ಡ ದೊಡ್ಡ ಫೈಲು, ನೂರಾರು ಜಿಬಿ ಫೋಟೋ. ನುಡಿ ಹಾಕ್ಕೊಂಡು ಡಿಟಿಪಿ, ಆನ್‌ಲೈನ್ ಅರ್ಜಿ ತುಂಬೋ ಅಂಗಡಿಯವ್ರಿಗೆ ಬ್ರೌಸರ್ರು ಮತ್ತೆ ಪ್ರಿಂಟರ್ರು ಅಷ್ಟೇ. ಈ ಮೂರೂ ಜನಕ್ಕೆ ಒಂದೇ ಕೊಟೇಶನ್ ಕೊಟ್ರೆ ಇಬ್ರಿಗಂತೂ ತಪ್ಪು ಮಾಲು ಬರುತ್ತೆ. ಸ್ಟುಡಿಯೋದವ್ರಿಗೆ ರ‍್ಯಾಮು, ಡಿಸ್ಕು ಜಾಸ್ತಿ ಬೇಕು, ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೂ ನಡೆಯುತ್ತೆ. ಹುಡುಗನಿಗೆ ಮುಂದೆ ಕಾರ್ಡ್ ಹಾಕೋಕೆ ಜಾಗ, ಪವರ್ ಇರ್ಬೇಕು. ಡಿಟಿಪಿ ಅಂಗಡಿಗೆ ಇದ್ಯಾವುದೂ ಬೇಡ, ಯುಪಿಎಸ್ ಒಂದು ಗಟ್ಟಿ ಇರ್ಲಿ.

ಈಗ ಮೊದಲ ಸಾಲು, ಪ್ರೊಸೆಸರ್. ಇಂಟೆಲ್ ಕಂಪನಿಯ ಐ3, ಐ5, ಐ7 ಅನ್ನೋದು ಒಂದು ಜನರೇಶನ್ ಒಳಗಿನ ಮೇಲು ಕೆಳಗು ಅಷ್ಟೇ, ಬೇರೆ ಬೇರೆ ಜನರೇಶನ್ ಮಧ್ಯೆ ಅದಕ್ಕೆ ಬೆಲೆ ಇಲ್ಲ. ಐ5 ಆದ್ಮೇಲೆ ಬರೋ ನಂಬರ್ ನೋಡ್ರಿ. ಐ5-3470 ಅಂದ್ರೆ ಮೊದಲ ಅಂಕಿ 3, ಅಂದ್ರೆ ಮೂರನೇ ಜನರೇಶನ್, 2012ರದ್ದು, ನಾಲ್ಕು ಕೋರು (ಲೆಕ್ಕ ಮಾಡೋ ಘಟಕ), ನಾಲ್ಕೇ ಥ್ರೆಡ್ಡು (ಒಂದೇ ಹೊತ್ತಿಗೆ ಹಿಡಿಯೋ ಕೆಲಸ). ಐ3-12100 ಅಂದ್ರೆ 12ನೇ ಜನರೇಶನ್, 2022ರದ್ದು, ನಾಲ್ಕು ಕೋರು ಎಂಟು ಥ್ರೆಡ್ಡು. ಹೆಸರಲ್ಲಿ ಐ3 ಇದ್ರೂ ಇದು ಆ ಹಳೇ ಐ5ನ ಎಲ್ಲಾ ಕೆಲಸದಲ್ಲೂ ದೂರ ಹಿಂದೆ ಬಿಡುತ್ತೆ. ಭಾರಿ ಕಮ್ಮಿ ರೇಟಿಗೆ "ಐ5 ಹೊಸ ಪಿಸಿ" ಅಂತ ಮಾರೋದೆಲ್ಲ ಹೆಚ್ಚಾಗಿ ಈ ಎರಡನೇ, ಮೂರನೇ, ನಾಲ್ಕನೇ ಜನರೇಶನ್ ಹಳೇ ಪ್ರೊಸೆಸರ್‌ನ ಎಚ್61 ಅಥವಾ ಎಚ್81 ಚಿಪ್‌ಸೆಟ್ಟಿನ ಹೊಸದಾಗಿ ಮಾಡಿದ ಬೋರ್ಡಿಗೆ ಹಾಕಿರೋದು. ಕ್ಯಾಬಿನೆಟ್ ಹೊಳೀತಿರುತ್ತೆ, ಒಳಗಿನ ಜೀವ ಹತ್ತು ವರ್ಷದ ಮೇಲಿಂದು.

ಅದ್ರಿಂದೇನು, ಓಡಿದ್ರೆ ಸಾಕು ಅನ್ನೋರಿಗೆ ಇನ್ನೊಂದು ಲೆಕ್ಕ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ನಡೆಯೋದು ಇಂಟೆಲ್‌ನಲ್ಲಿ 8ನೇ ಜನರೇಶನ್ ಮೇಲೆ, ಪ್ರೊಸೆಸರ್ ಮಾಡೋ ಇನ್ನೊಂದು ಕಂಪನಿ ಎಎಂಡಿಯಲ್ಲಿ ರೈಜನ್ 2000 ಸೀರೀಸ್ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತೆಯ ವ್ಯವಸ್ಥೆ ಬೇಕು. ಹಳೇ ಮಷೀನಿಗೆ ಏನೋ ದಾರಿ ಹುಡುಕಿ ಹಾಕ್ತಾರೆ, ಆದ್ರೆ ಮುಂದಿನ ಅಪ್‌ಡೇಟಿಗೆ ಏನಾಗುತ್ತೋ ಹೇಳೋರಿಲ್ಲ. ಲಿನಕ್ಸ್ ಹಾಕೋರಿಗೆ ಈ ತಲೆನೋವಿಲ್ಲ, ಬ್ರೌಸಿಂಗು ಟೈಪಿಂಗಿಗೆ ಲಿನಕ್ಸ್ ಮಿಂಟ್ ಹಳೇ ಮಷೀನಲ್ಲೂ ಚೆನ್ನಾಗೇ ಓಡುತ್ತೆ, ಲೈಸೆನ್ಸ್ ದುಡ್ಡೂ ಉಳಿಯುತ್ತೆ. ಆದ್ರೆ ಹೊಸದಾಗಿ ದುಡ್ಡು ಹಾಕಿ ಹಳೇ ಪ್ರೊಸೆಸರ್ ತಗೊಳ್ಳೋದು ಬೇಡ.

ಹಂಗಾದ್ರೆ ಯಾವುದು ತಗೋಬೇಕು? ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ ಅನ್ನೋರಿಗೆ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರೋದು ಬೇಕು. ಎಎಂಡಿಯಲ್ಲಿ ಹೆಸರಿನ ಕೊನೇಲಿ ಜಿ ಅಂತ ಇರೋವು: ರೈಜನ್ 5 5600ಜಿ ಐತೆ, ಆರು ಕೋರು ಹನ್ನೆರಡು ಥ್ರೆಡ್ಡು, 65 ವ್ಯಾಟು, ಒಳಗಿರೋ ಗ್ರಾಫಿಕ್ಸು ಸಣ್ಣಪುಟ್ಟ ಗೇಮಿಗೂ ಆಗುತ್ತೆ. ಇಂಟೆಲ್‌ನಲ್ಲಿ ಐ3-12100, ಐ5-12400, ಇವುಗಳ ಒಳಗಿನ ಗ್ರಾಫಿಕ್ಸು ಗೇಮಿಗೆ ಸಾಲಲ್ಲ, ಆಫೀಸು, ಕೋಡಿಂಗು, ವಿಡಿಯೋ ನೋಡೋಕೆ ಧಾರಾಳ. ಇಂಟೆಲ್ ತಗೊಳ್ಳುವಾಗ ಕೊನೇ ಅಕ್ಷರ ಮರೀಬೇಡ್ರಿ: 12100ಎಫ್, 12400ಎಫ್ ಅಂತ ಎಫ್ ಇದ್ರೆ ಒಳಗೆ ಗ್ರಾಫಿಕ್ಸೇ ಇಲ್ಲ, ಬೇರೆ ಕಾರ್ಡ್ ಹಾಕದೇ ಇದ್ರೆ ಮಾನಿಟರ್‌ನಲ್ಲಿ ಏನೂ ಬರಲ್ಲ. ಒಂದೆರಡು ಸಾವಿರ ಕಮ್ಮಿ ಅಂತ ಎಫ್ ತಗೊಂಡು, ಮನೇಗೆ ಬಂದು ಜೋಡಿಸಿ, ಡಿಸ್‌ಪ್ಲೇ ಬರ್ತಿಲ್ಲ ಅಂತ ಬೋರ್ಡ್ ಬದಲಾಯಿಸೋಕೆ ಹೊರಡೋರು ಸುಮಾರು ಜನ.

ಕೊಟೇಶನ್‌ನಲ್ಲಿದ್ದ "4 ಜಿಬಿ ಗ್ರಾಫಿಕ್ಸ್ ಕಾರ್ಡ್" ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಮಾಡೆಲ್ ಕೇಳಿದ್ರೆ ಬಹಳ ಸಲ ಜಿಟಿ 730 ಅಂತಾರೆ. ಅದು 2014ರ ಕಾರ್ಡು. ಅದಕ್ಕಿಂತ 5600ಜಿ ಒಳಗಿರೋ ಗ್ರಾಫಿಕ್ಸೇ ಎಷ್ಟೋ ಮೇಲು. ಕಾರ್ಡಿನ ಶಕ್ತಿ ಮೆಮೊರಿ ಜಿಬಿಯಲ್ಲಿಲ್ಲ, ಚಿಪ್ಪಲ್ಲಿ ಐತೆ, ದುರ್ಬಲ ಚಿಪ್ಪಿಗೆ ಎಷ್ಟು ಜಿಬಿ ಅಂಟಿಸಿದ್ರೂ ಅದು ದುರ್ಬಲವೇ. ಆ ಸಾಲು ಚೀಟಿಯಿಂದ ಹೊಡೆಸಿ, ಆ ದುಡ್ಡನ್ನ ಎಸ್‌ಎಂಪಿಎಸ್‌ಗೆ ಹಾಕ್ರಿ.

ಮದರ್‌ಬೋರ್ಡಿನ ವಿಷ್ಯಕ್ಕೆ ಬಂದ್ರೆ ನೋಡ್ಬೇಕಾದ್ದು ಸಾಕೆಟ್ಟು, ಅಂದ್ರೆ ಪ್ರೊಸೆಸರ್ ಕೂರೋ ಜಾಗ, ಯಾಕಂದ್ರೆ ಮುಂದೆ ಯಾವ ಪ್ರೊಸೆಸರ್ ಹಾಕ್ಬಹುದು ಅನ್ನೋದನ್ನ ಅದೇ ತೀರ್ಮಾನ ಮಾಡೋದು. 5600ಜಿ ಕೂರೋದು ಎಎಂ4 ಸಾಕೆಟ್ಟಲ್ಲಿ, ಅದಕ್ಕೆ ಬೇಕಾದ್ದು ಡಿಡಿಆರ್4 (ಡಿಡಿಆರ್5ಕ್ಕಿಂತ ಹಿಂದಿನ ಪೀಳಿಗೆಯ) ರ‍್ಯಾಮು. ಸಾಕೆಟ್ಟು ಹಳೇದಾದ್ರೂ ಒಳ್ಳೊಳ್ಳೆ ಪ್ರೊಸೆಸರ್ ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ. ಇಂಟೆಲ್ 12, 13, 14ನೇ ಜನರೇಶನ್ ಕೂರೋದು ಎಲ್‌ಜಿಎ1700ರಲ್ಲಿ. ಇದಕ್ಕೆ ಡಿಡಿಆರ್4 ಬೋರ್ಡೂ ಐತೆ, ಡಿಡಿಆರ್5 ಬೋರ್ಡೂ ಐತೆ, ಎರಡೂ ಒಂದಕ್ಕೊಂದು ಕೂರಲ್ಲ, ಹಂಗಾಗಿ ರ‍್ಯಾಮ್ ತಗೊಳ್ಳೋಕೆ ಮುಂಚೆ ಬೋರ್ಡಿನ ಪೂರ್ತಿ ಹೆಸರು ಓದ್ರಿ. ಇನ್ನೊಂದು ಎಎಂಡಿ ಎಎಂ5, 2022ರಲ್ಲಿ ಬಂದಿದ್ದು, ಡಿಡಿಆರ್5 ಮಾತ್ರ. 2027ರ ತನಕ ಮತ್ತೆ ಅದರಾಚೆಗೂ ಈ ಸಾಕೆಟ್ಟಿಗೆ ಸಪೋರ್ಟ್ ಕೊಡ್ತೀವಿ ಅಂತ ಎಎಂಡಿಯವ್ರೇ ಹೇಳಿದ್ದಾರೆ. ದುಡ್ಡು ಎಟುಕೋದಾದ್ರೆ ಮುಂದೆ ಬರೀ ಪ್ರೊಸೆಸರ್ ಬದಲಾಯಿಸ್ಕೊಂಡು ಹೋಗೋಕೆ ಇದೇ ಒಳ್ಳೇದು. ಎಟುಕಲ್ಲ ಅಂದ್ರೆ ಎಎಂ4 ತಗೊಂಡ್ರೆ ನಾಚ್ಕೊಳ್ಳೋ ಅಂಥದ್ದೇನಿಲ್ಲ, ನಾಲ್ಕೈದು ವರ್ಷ ಆರಾಮಾಗಿ ಕೆಲಸ ಮಾಡುತ್ತೆ.

ಬೋರ್ಡಲ್ಲಿ ರ‍್ಯಾಮ್ ಸ್ಲಾಟ್ ಎರಡೋ ನಾಲ್ಕೋ, ಎಂ.2 ಸ್ಲಾಟ್ (ಎನ್‌ವಿಎಂಇ ಎಸ್‌ಎಸ್‌ಡಿ ಕೂರೋ ಜಾಗ) ಎಷ್ಟು ಅಂತ ಎಣಿಸ್ರಿ. ತೀರಾ ಕೆಳಗಿನ ಎಚ್610, ಎ520 ಬೋರ್ಡಲ್ಲಿ ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟು. ಎಎಂ4 ಬೋರ್ಡು ಹಳೇ ಸ್ಟಾಕ್ ಆಗಿದ್ರೆ 5600ಜಿ ತರದ ರೈಜನ್ 5000 ಸೀರೀಸ್ ಗುರುತು ಹಿಡಿಯೋಕೆ ಬಯೋಸ್ (ಬೋರ್ಡಿನೊಳಗಿರೋ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿರ್ಬೇಕು, ಅಂಗಡಿಯಲ್ಲೇ ಮಾಡಿಸ್ಕೊಂಡು ಬರ್ರಿ.

ರ‍್ಯಾಮಲ್ಲಿ 16 ಜಿಬಿ ಈಗ ಕನಿಷ್ಠ ಅಂದ್ಕೊಳ್ರಿ. 8 ಜಿಬಿಯಲ್ಲಿ ವಿಂಡೋಸ್ 11, ಕ್ರೋಮಲ್ಲಿ ಹತ್ತು ಟ್ಯಾಬು ಅಂದ್ರೆ ಅಲ್ಲಿಗೇ ಭರ್ತಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ನಂಬ್ಕೊಂಡಿರೋರು 16ರ ಒಂದು ಸ್ಟಿಕ್ ಬದ್ಲು 8ರ ಎರಡು ಸ್ಟಿಕ್ಕೇ ಹಾಕ್ಬೇಕು. ಕಾರಣ ಐತೆ. ಬೇರೆ ಗ್ರಾಫಿಕ್ಸ್ ಕಾರ್ಡಿಗೆ ಅದರದ್ದೇ ಮೆಮೊರಿ ಇರುತ್ತೆ, ಒಳಗಿನ ಗ್ರಾಫಿಕ್ಸಿಗೆ ಇರಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಪ್ರೊಸೆಸರ್ ಜೊತೆ ಹಂಚ್ಕೊಂಡು ಬಳಸುತ್ತೆ. ಎರಡು ಸ್ಟಿಕ್ ಹಾಕಿದ್ರೆ ರ‍್ಯಾಮಿಗೂ ಪ್ರೊಸೆಸರಿಗೂ ಮಧ್ಯೆ ಎರಡು ಚಾನೆಲ್ ತೆಗೀತವೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ಒಂದೇ ಗೇಟ್ ತೆಗೆಯೋದಕ್ಕೂ ಎರಡೂ ಗೇಟ್ ತೆಗೆಯೋದಕ್ಕೂ ಎಷ್ಟು ಫರಕ್ ಐತೋ ಅಷ್ಟು ಫರಕ್ ಇಲ್ಲೂ ಐತೆ, ಒಳಗೆ ಜಾಗ ಅಷ್ಟೇ ಇದ್ರೂ ಮಾಲು ಹೋಗಿಬರೋ ವೇಗ ಬೇರೆ. ಗೇಮಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಬೇರೆ ಕಾರ್ಡ್ ಹಾಕೋರಿಗೆ ಇದು ಅಷ್ಟು ಮುಖ್ಯ ಅಲ್ಲ, ಅವ್ರು 16ರ ಒಂದು ಸ್ಟಿಕ್ ಹಾಕಿ ಆಮೇಲೆ ಇನ್ನೊಂದು ಸೇರಿಸ್ಕೊಳ್ಳಬಹುದು.

ರ‍್ಯಾಮ್ ರೇಟು ಒಂದು ಬೇಜಾರಿನ ಸಂಗತಿ. 2025ರ ಕೊನೇ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿತು, ಯಾಕಂದ್ರೆ ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಬೇಡಿಕೆ ಜಾಸ್ತಿ ಆಗಿ ಕಂಪನಿಗಳು ಆ ಕಡೆಗೇ ಉತ್ಪಾದನೆ ತಿರುಗಿಸಿದ್ವು, ನಮ್ಮಂಥೋರ ಡಿಡಿಆರ್4, ಡಿಡಿಆರ್5 ಎರಡಕ್ಕೂ ಅಭಾವ ಬಂತು. ಹಂಗಾಗಿ ಹಳೇ ವಿಡಿಯೋದಲ್ಲಿ ಹೇಳಿರೋ ರ‍್ಯಾಮ್ ರೇಟು ನಂಬ್ಕೊಂಡು ಬಜೆಟ್ ಹಾಕ್ಬೇಡ್ರಿ, ಈ ವಾರದ ರೇಟು ಕೇಳಿ ಹಾಕ್ರಿ. ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಂಡ್ರೆ ತಪ್ಪಿಲ್ಲ, ತಿರುಗೋ ಭಾಗ ಏನೂ ಇಲ್ಲದ್ದರಿಂದ ಅದು ಸವೆಯೋದು ಕಮ್ಮಿ. ತಂದ ದಿನವೇ ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆ ಮಾಡೋ ಪ್ರೋಗ್ರಾಮ್ ಹಾಕಿ ಒಂದು ರಾತ್ರಿ ಓಡಿಸ್ರಿ, ಒಂದೇ ಒಂದು ಎರರ್ ಬಂದ್ರೂ ವಾಪಸ್ ಕೊಡ್ರಿ.

ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡ್ರಿ. ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರೈವತ್ತು ಎಂಬಿ ಆಸುಪಾಸು ಓದಿದ್ರೆ ಸಾಟಾ ಎಸ್‌ಎಸ್‌ಡಿ 550ರ ಹತ್ರ, ಎನ್‌ವಿಎಂಇ ಜೆನ್3 ಆದ್ರೆ 3,500ರ ಹತ್ರ ಹೋಗುತ್ತೆ. ಹಾರ್ಡ್ ಡಿಸ್ಕಿಂದ ಎಸ್‌ಎಸ್‌ಡಿಗೆ ಬಂದಾಗ ಆಗೋ ಖುಷಿ ದೊಡ್ಡದು, ಜೆನ್3ರಿಂದ ಜೆನ್4ಕ್ಕೆ ಹೋದ್ರೆ ದಿನದ ಕೆಲಸದಲ್ಲಿ ಗೊತ್ತಾಗೋದೂ ಕಷ್ಟ. ಹೆಸರಿರೋ ಕಂಪನಿಯ 512 ಜಿಬಿ ಎನ್‌ವಿಎಂಇ ಸಾಕು. ಆಲ್ಬಂ ಡಿಸೈನಿನವ್ರು ಅದರ ಜೊತೆ 2 ಟಿಬಿ ಹಾರ್ಡ್ ಡಿಸ್ಕು ಹೊಸದೇ ತಗೊಳ್ರಿ, ಹಳೇದು ಬೇಡ, ಮಂದಿ ಮದುವೆ ಫೋಟೋ ಹೋದ್ರೆ ಮತ್ತೆ ತೆಗೆಯೋಕಾಗಲ್ಲ.

ಈಗ ಎಸ್‌ಎಂಪಿಎಸ್. ನನ್ನ ಪ್ರಕಾರ ನಮ್ಮ ಕಡೆ ಪಿಸಿ ಮಾಡೋರು ಅತಿ ಹೆಚ್ಚು ಗಮನ ಕೊಡ್ಬೇಕಾದ ಪಾರ್ಟು ಇದೇ. ಗೋಡೆಯಿಂದ ಬರೋ 230 ವೋಲ್ಟ್ ಎಸಿನ ಒಳಗಿನ ಪಾರ್ಟುಗಳಿಗೆ ಬೇಕಾದ 12, 5, 3.3 ವೋಲ್ಟ್ ಡಿಸಿ ಮಾಡಿ ಹಂಚೋದು ಅದರ ಕೆಲಸ. ಇದು ಕೆಟ್ಟದಿದ್ದು ಸುಟ್ಟು ಹೋಗುವಾಗ ಒಬ್ಬಂಟಿ ಹೋಗಲ್ಲ, ಬೋರ್ಡನ್ನೋ ಡಿಸ್ಕನ್ನೋ ಜೊತೇಲಿ ಕರ್ಕೊಂಡು ಹೋಗೋ ಸಾಧ್ಯತೆ ಐತೆ.

ಅಂಗಡೀಲಿ ಎಸ್‌ಎಂಪಿಎಸ್ ಕೈಗೆ ತಗೊಂಡು ಪಕ್ಕದಲ್ಲಿ ಅಂಟಿಸಿರೋ ಸ್ಟಿಕ್ಕರ್ ನೋಡ್ರಿ. ಅದ್ರಲ್ಲಿ ಒಂದು ಸಣ್ಣ ಟೇಬಲ್ ಇರುತ್ತೆ, ಮೇಲೆ +3.3ವಿ, +5ವಿ, +12ವಿ ಅಂತ, ಕೆಳಗೆ ಆಂಪಿಯರ್. ಈಗಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಮುಖ್ಯವಾಗಿ ಉಣ್ಣೋದು 12 ವೋಲ್ಟಿಂದ, ಹಂಗಾಗಿ ಬೇರೆ ಎಲ್ಲಾ ಬಿಟ್ಟು 12ರ ಕೆಳಗಿರೋ ನಂಬರ್ ಓದ್ರಿ. ಅದನ್ನ 12ರಿಂದ ಗುಣಿಸ್ರಿ. ಡಬ್ಬಿ ಮೇಲೆ ದೊಡ್ಡದಾಗಿ 450 ಅಂತ ಬರೆದಿದ್ದು, ಟೇಬಲ್ಲಲ್ಲಿ 12 ವೋಲ್ಟಿಗೆ 16 ಆಂಪಿಯರ್ ಇದ್ರೆ ಬಂದಿದ್ದು 192 ವ್ಯಾಟ್, ಅಷ್ಟೇ. ಮಿಕ್ಕಿದ್ದು ಬಣ್ಣ. ಅದೇ ಒಳ್ಳೇ 450 ವ್ಯಾಟಿಂದರಲ್ಲಿ 36 ಆಂಪಿಯರ್ ಹತ್ರ ಇರುತ್ತೆ, ಗುಣಿಸಿದ್ರೆ 432. 12ವಿ1, 12ವಿ2 ಅಂತ ಎರಡು ಕಾಲಂ ಇದ್ರೆ ಎರಡನ್ನೂ ಸುಮ್ನೆ ಕೂಡಬೇಡ್ರಿ, ಕೆಳಗೆ ಒಟ್ಟು ಎಷ್ಟು ವ್ಯಾಟ್ ಅಂತ ಬೇರೆ ಬರೆದಿರುತ್ತೆ, ಅದೇ ಲೆಕ್ಕ. ಅದೇ ಸ್ಟಿಕ್ಕರಲ್ಲಿ ಇನ್‌ಪುಟ್ ಸಾಲು ಓದ್ರಿ. 200-240ವಿ ಅಂತ ಇದ್ರೆ ವೋಲ್ಟೇಜ್ ಬಿದ್ದಾಗ ಅದಕ್ಕೆ ಉಸಿರು ಕಟ್ಟುತ್ತೆ. 100-240ವಿ ಇದ್ರೆ ಅಗಲ ಜಾಸ್ತಿ, ಜಗಳೂರು, ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ಪಂಪ್‌ಸೆಟ್ ಲೈನ್ ಬಂದ ಕೂಡ್ಲೇ ಬಲ್ಬ್ ಮಂಕಾಗೋ ಮನೆಗಳಿಗೆ ಇದೇ ಬೇಕು. 80 ಪ್ಲಸ್ ಬ್ರಾಂಝ್ ಅನ್ನೋ ಗುರುತು ಎಷ್ಟು ಕರೆಂಟ್ ಬಿಸಿಯಾಗಿ ವ್ಯರ್ಥ ಆಗಲ್ಲ ಅಂತ ಹೇಳುತ್ತೆ, ಗುಣಮಟ್ಟಕ್ಕೆ ಗ್ಯಾರಂಟಿ ಅಲ್ಲ, ಆದ್ರೂ ಆ ಗುರುತು, ಐದು ವರ್ಷದ ವಾರಂಟಿ, ಸರಿಯಾದ ಆಂಪಿಯರ್ ಮೂರೂ ಇದ್ರೆ ಧೈರ್ಯವಾಗಿ ತಗೊಳ್ರಿ. ಮಾನಿಟರ್ ಬಿಟ್ಟು ಸಿಪಿಯು ಬಾಕ್ಸಿಗೇ 40 ಸಾವಿರ ಇಟ್ಕೊಂಡಿದ್ರೆ ಅದ್ರಲ್ಲಿ 3ರಿಂದ 4 ಸಾವಿರ ಎಸ್‌ಎಂಪಿಎಸ್‌ಗೇ ಅಂತ ಮೊದ್ಲೇ ಎತ್ತಿಡ್ರಿ. ಮುಂದೆ ಕಾರ್ಡ್ ಹಾಕೋ ಆಸೆ ಇದ್ರೆ 550 ವ್ಯಾಟ್.

ಇನ್ನು ಗೋಡೆ ಕಡೆ. ಹಳೇ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತ ಸಣ್ಣಗೆ ಶಾಕ್ ಹೊಡೆಯುತ್ತೆ ಅಂತ ಬಹಳ ಜನ ಹೇಳ್ತಾರೆ. ಕಂಪ್ಯೂಟರ್ ಕೆಟ್ಟಿದೆ ಅಂತ ಅಂದ್ಕೊಳ್ತಾರೆ, ಸಾಮಾನ್ಯವಾಗಿ ಹಂಗಲ್ಲ. ಎಸ್‌ಎಂಪಿಎಸ್ ಒಳಗೆ ಲೈನಿಂದ ಬರೋ ಗಲೀಜು ಸಿಗ್ನಲ್ಲನ್ನ ಅರ್ಥಿಂಗಿಗೆ ಬಿಡೋಕೆ ಸಣ್ಣ ಕೆಪಾಸಿಟರ್ ಇರ್ತವೆ. ಸಾಕೆಟ್ಟಲ್ಲಿ ಮೂರನೇ ತೂತು ಇದ್ರೂ ಹಿಂದೆ ಅರ್ಥ್ ವೈರೇ ಇಲ್ದಿದ್ರೆ ಆ ಕರೆಂಟು ಹೋಗೋ ದಾರಿ ಇಲ್ದೆ ಕ್ಯಾಬಿನೆಟ್ ಮೈಗೆ ಬರುತ್ತೆ, ನೀವು ಬರಿಗಾಲಲ್ಲಿ ಮುಟ್ಟಿದ್ರೆ ನಿಮ್ಮ ಮೂಲಕ ನೆಲಕ್ಕೆ. ಚಪ್ಪಲಿ ಹಾಕ್ಕೊಂಡು ಕೂರೋದು ಪರಿಹಾರ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಚೆಕ್ ಮಾಡಿಸ್ರಿ, ಇಲ್ದಿದ್ರೆ ಹೊಸದಾಗಿ ಹಾಕಿಸ್ರಿ, ಪಿಸಿ ಬರೋಕೆ ಮುಂಚೇನೇ.

ಯುಪಿಎಸ್ ಬೇಕಾ ಅಂತ ಕೇಳಿದ್ರೆ, ದಾವಣಗೆರೆ ಇರ್ಲಿ ಚಿತ್ರದುರ್ಗ ಇರ್ಲಿ, ಬೇಕು. ಮುಂಗಾರಿಗೆ ಮುಂಚಿನ ಗಾಳಿಮಳೆ ಸಂಜೆಗಳಲ್ಲಿ ಕರೆಂಟು ಬಂದು ಹೋಗಿ ಮಾಡುವಾಗ ಎಸ್‌ಎಸ್‌ಡಿ ಏನೋ ಬರೀತಿರೋ ಹೊತ್ತಿಗೆ ಪವರ್ ಹೋದ್ರೆ ವಿಂಡೋಸೇ ಏಳದಂಗೆ ಆಗಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ 600 ವಿಎ ಯುಪಿಎಸ್ ಸಾಕು, ಅದು ಸುಮಾರು 360 ವ್ಯಾಟ್ ತಡ್ಕೊಳ್ಳುತ್ತೆ, ಕೆಲಸ ಸೇವ್ ಮಾಡಿ ಆಫ್ ಮಾಡೋವಷ್ಟು ಟೈಮ್ ಕೊಡುತ್ತೆ. ಕಾರ್ಡ್ ಇದ್ರೆ 1000 ವಿಎ ಕಡೆ ನೋಡ್ರಿ. ಲೇಸರ್ ಪ್ರಿಂಟರ್‌ನ ಮಾತ್ರ ಯುಪಿಎಸ್‌ಗೆ ಹಾಕ್ಬೇಡ್ರಿ, ಅದು ಬಿಸಿ ಆಗುವಾಗ ಒಂದೇ ಸಲಕ್ಕೆ ಎಳೆಯೋ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗುತ್ತೆ. ಮನೇಲಿ ಇನ್ವರ್ಟರ್ ಐತಲ್ಲ ಅನ್ನೋರು ಅದರ ಹಿಂದಿನ ಸ್ವಿಚ್ ನೋಡ್ರಿ. ಎಸ್‌ಎಂಪಿಎಸ್ ಕರೆಂಟ್ ಇಲ್ದೆ ತಡ್ಕೊಳ್ಳೋದು ಫುಲ್ ಲೋಡಲ್ಲಿ ಹೆಚ್ಚುಕಮ್ಮಿ 16 ಮಿಲಿಸೆಕೆಂಡು. ಇನ್ವರ್ಟರ್ ನಾರ್ಮಲ್ ಮೋಡಲ್ಲಿದ್ರೆ ಬದಲಾಗೋಕೆ ಅದಕ್ಕಿಂತ ಜಾಸ್ತಿ ಟೈಮ್ ತಗೊಳ್ಳುತ್ತೆ, ಪಿಸಿ ರೀಸ್ಟಾರ್ಟ್ ಆಗುತ್ತೆ. ಯುಪಿಎಸ್ ಮೋಡಿಗೆ ಹಾಕಿದ್ರೆ ಬೇಗ ಬದಲಾಗುತ್ತೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಗೋಡೆ ಕರೆಂಟಿನಂಥದ್ದೇ ನಯವಾದ ಕರೆಂಟ್ ಕೊಡೋದು) ಆಗಿದ್ರೆ ಮಾತ್ರ ಈ ದಾರಿ ಹಿಡೀರಿ.

ಕ್ಯಾಬಿನೆಟ್ಟಿಗೆ ಚೆಂದ ನೋಡಿ ದುಡ್ಡು ಕೊಡ್ಬೇಡ್ರಿ, ಮುಂದೆ ಜಾಲರಿ ಐತಾ ಅಂತ ನೋಡ್ರಿ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಬಿಸಿಲು 38 ಡಿಗ್ರಿ ದಾಟುತ್ತೆ. ಫ್ಯಾನು ಎಷ್ಟೇ ಇದ್ರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ, ಅದು ಒಳಗಿನ ಬಿಸಿಯನ್ನ ಹೊರಗೆ ದೂಡೋದಷ್ಟೇ ಮಾಡೋದು. ಮುಂದೆ ಪೂರ್ತಿ ಗಾಜು ಹಾಕಿರೋ ಡಬ್ಬೀಲಿ ಗಾಳಿ ಬರೋ ದಾರಿನೇ ಇರಲ್ಲ. ಮುಂದೆ ಜಾಲರಿ, ಒಂದು ಫ್ಯಾನು ಒಳಗೆಳೆಯೋಕೆ, ಹಿಂದೊಂದು ಹೊರಗೆ ಹಾಕೋಕೆ, ಬಿಚ್ಚಿ ತೊಳೆಯೋ ಡಸ್ಟ್ ಫಿಲ್ಟರು. ಹಳೇ ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರೋ ಗೂಡೊಳಗೆ ಇಡ್ಬೇಡ್ರಿ. ಮಂಡಕ್ಕಿ ಭಟ್ಟಿ ಕಡೆ, ರೈಸ್ ಮಿಲ್ ಹತ್ರ ಮನೆ ಇರೋರು, ದುರ್ಗದ ಗಾಳಿಗೆ ಕಿಟಕಿ ತೆಗೆದಿಟ್ಟಿರೋರು ಫಿಲ್ಟರ್ ತಿಂಗಳಿಗೊಮ್ಮೆ ತೊಳೀರಿ.

ಮಾನಿಟರ್ 22 ಅಥವಾ 24 ಇಂಚು, 1080ಪಿ, ಐಪಿಎಸ್ ಪ್ಯಾನೆಲ್. ಎರಡು ಪಿಸಿ ಬದಲಾಗೋ ತನಕ ಅದೇ ನಡೆಯುತ್ತೆ.

ಗ್ರಾಫಿಕ್ಸ್ ಕಾರ್ಡ್ ಆಮೇಲೆ ತಗೊಳ್ಳುವಾಗ ಎರಡು ವಿಷ್ಯ ನೆನಪಿರ್ಲಿ. ಎಐ, ಮಷೀನ್ ಲರ್ನಿಂಗ್, ಬ್ಲೆಂಡರ್ ಅಂತ ಇರೋರಿಗೆ ಎನ್‌ವಿಡಿಯಾ ಒಳ್ಳೇದು, ಯಾಕಂದ್ರೆ ಆ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ಎನ್‌ವಿಡಿಯಾದ್ದೇ ಆದ ಕುಡಾ ಅನ್ನೋ ಸಾಫ್ಟ್‌ವೇರ್ ಮೇಲೆ ಓಡ್ತವೆ. ಬರೀ ಗೇಮಿಗಾದ್ರೆ ಎಎಂಡಿಯ ಆರ್‌ಎಕ್ಸ್ 6600 ತರದ 8 ಜಿಬಿ ಕಾರ್ಡು ಕೊಟ್ಟ ದುಡ್ಡಿಗೆ ನ್ಯಾಯ ಕೊಡುತ್ತೆ, ಅದು ಸುಮಾರು 132 ವ್ಯಾಟ್ ಉಣ್ಣುತ್ತೆ, ಎಸ್‌ಎಂಪಿಎಸ್ ಸರಿಯಾಗಿ ತಗೊಂಡಿದ್ರೆ ಸುಮ್ನೆ ತಂದು ಹಾಕಿದ್ರೆ ಆಯ್ತು. ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್ 70 ವ್ಯಾಟಿಂದು, ಬೇರೆ ಪವರ್ ಕೇಬಲ್ಲೇ ಬೇಡ. 5600ಜಿ ಹಾಕಿರೋರು ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಹೋಗ್ಬೇಡ್ರಿ, ಆ ಕಾರ್ಡಿಗಿರೋದು ನಾಲ್ಕೇ ಪಿಸಿಐಇ ಲೇನು (ಬೋರ್ಡಿನ ಜೊತೆ ಡೇಟಾ ಸಾಗೋ ದಾರಿ), 5600ಜಿ ಕೊಡೋದು ಹಳೇ ಜೆನ್3 ವೇಗ, ಎರಡೂ ಸೇರಿ ಕಾರ್ಡು ಸೊರಗುತ್ತೆ.

ಎಲ್ಲಿ ತಗೋಬೇಕು? ಬೆಂಗಳೂರಿನ ಎಸ್.ಪಿ. ರೋಡಲ್ಲಿ ರೇಟು ಕಮ್ಮಿ ಸಿಗುತ್ತೆ ನಿಜ, ಆದ್ರೆ 250 ಕಿಲೋಮೀಟರ್ ಮೇಲೆ ದೂರ, ಒಂದು ಪಾರ್ಟು ಕೆಟ್ರೆ ಮತ್ತೆ ಬಸ್ಸು ಹತ್ತಬೇಕು. ನನ್ನ ಸಲಹೆ: ಪ್ರೊಸೆಸರ್, ಬೋರ್ಡ್, ರ‍್ಯಾಮ್ ಈ ಮೂರನ್ನ ಊರಲ್ಲೇ, ಒಂದೇ ಅಂಗಡೀಲಿ, ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ತಗೊಳ್ರಿ. ಡಿಸ್‌ಪ್ಲೇ ಬರ್ದಿದ್ರೆ ತಪ್ಪು ಈ ಮೂರರಲ್ಲಿ ಯಾವುದರದ್ದು ಅಂತ ಮನೇಲಿ ಕೂತು ಹೇಳೋಕಾಗಲ್ಲ, ಅಂಗಡಿಯವ್ರ ಹತ್ರ ಬೇರೆ ಬೋರ್ಡು, ಬೇರೆ ರ‍್ಯಾಮ್ ಇರುತ್ತೆ, ಹಾಕಿ ನೋಡಿ ಹತ್ತು ನಿಮಿಷಕ್ಕೆ ಹೇಳ್ತಾರೆ. ಮೂರನ್ನ ಮೂರು ಕಡೆ ತಗೊಂಡ್ರೆ ಮೂರೂ ಕಡೆಯವ್ರು "ನಮ್ದು ಸರಿ ಐತೆ, ಅವ್ರದ್ದು ಕೇಳ್ರಿ" ಅಂತಾರೆ. ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್ ಆನ್‌ಲೈನಲ್ಲಿ ತರಿಸಿದ್ರೆ ತೊಂದ್ರೆ ಇಲ್ಲ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಟ್ಟು ಕೊಡ್ತೀನಿ" ಅಂದ್ರೆ ಒಪ್ಪಬೇಡ್ರಿ, 18 ಪರ್ಸೆಂಟ್ ಉಳಿತು ಅನ್ಸುತ್ತೆ, ಮೂರು ವರ್ಷದ ವಾರಂಟಿ ಕೈಬಿಟ್ಟು ಹೋಗುತ್ತೆ.

ಜೋಡಿಸೋದು ಹೆದರೋ ಅಂಥ ಕೆಲಸ ಅಲ್ಲ, ಒಂದು ಸ್ಟಾರ್ ಸ್ಕ್ರೂಡ್ರೈವರು, ಒಂದು ಮಧ್ಯಾಹ್ನ ಸಾಕು. ಮುಟ್ಟೋಕೆ ಮುಂಚೆ ಕ್ಯಾಬಿನೆಟ್ಟಿನ ಬರಿ ಲೋಹದ ಭಾಗ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಬಿಡ್ರಿ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರ್ ಅಡಿಯಲ್ಲಿ ಇರ್ತವೆ, ಎಲ್‌ಜಿಎ1700 ಮತ್ತೆ ಎಎಂ5ರಲ್ಲಿ ಬೋರ್ಡಿನ ಸಾಕೆಟ್ಟಲ್ಲಿ, ಎರಡು ಕಡೆನೂ ಒತ್ತಬಾರ್ದು, ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಬಿಟ್ರೆ ತಾನೇ ಕೂರುತ್ತೆ. ಪ್ರೊಸೆಸರ್ ಜೊತೆ ಬರೋ ಕೂಲರಿಗೆ ಥರ್ಮಲ್ ಪೇಸ್ಟ್ ಮೊದ್ಲೇ ಹಚ್ಚಿರ್ತಾರೆ, ಮೇಲೆ ಇನ್ನೊಂದು ಸಲ ಹಚ್ಚಬೇಡ್ರಿ. ರ‍್ಯಾಮನ್ನ ಮಾತ್ರ ಟಕ್ ಅನ್ನೋ ತನಕ ಗಟ್ಟಿಯಾಗೇ ಒತ್ತಬೇಕು, ಮೊದಲ ಸಲ ಡಿಸ್‌ಪ್ಲೇ ಬರದಿರೋಕೆ ಸಾಮಾನ್ಯ ಕಾರಣ ರ‍್ಯಾಮ್ ಅರ್ಧ ಕೂತಿರೋದು. ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತೆ ನಾಲ್ಕನೇದು. ಇನ್ನೊಂದು ಕಾರಣ, ಪ್ರೊಸೆಸರ್ ಹತ್ರ ಮೇಲಿನ ಮೂಲೇಲಿರೋ 8 ಪಿನ್ ಪವರ್ ಕೇಬಲ್ ಹಾಕೋಕೆ ಮರೆತಿರೋದು. ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಡಿಸ್‌ಪ್ಲೇ ಬರಲ್ಲ.

ಡಿಸ್‌ಪ್ಲೇ ಬಂದ ಮೇಲೆ ಬಯೋಸ್ ಒಳಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ವೇಗಕ್ಕೆ ಏರಿಸೋ ಸೆಟ್ಟಿಂಗ್) ಆನ್ ಮಾಡ್ರಿ, ಎಎಂ5ನಲ್ಲಿ ಎಕ್ಸ್‌ಪೋ ಅಂತ ಇರುತ್ತೆ. ಇದನ್ನ ಮಾಡದಿದ್ರೆ 3200ರ ಡಿಡಿಆರ್4 ರ‍್ಯಾಮು ಎಷ್ಟೋ ಸಲ 2133ರಲ್ಲೋ 2666ರಲ್ಲೋ ಓಡ್ತಿರುತ್ತೆ. ಆನ್‌ಲೈನಲ್ಲಿ ತರಿಸಿದ್ದಕ್ಕೆ ವಾಪಸ್ ಮಾಡೋ ಅವಕಾಶ ಸಾಮಾನ್ಯವಾಗಿ ಒಂದು ವಾರ ಹತ್ತು ದಿನ ಅಷ್ಟೇ, ಹಂಗಾಗಿ ಒಂದು ಪಾರ್ಟು ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಅಂತ ತಂದು ಡಬ್ಬಿ ಒಡೆಯದೆ ಇಡ್ಬೇಡ್ರಿ. ದುಡ್ಡು ಪೂರ್ತಿ ಆದ್ಮೇಲೆ ಒಂದೇ ವಾರದಲ್ಲಿ ಎಲ್ಲಾ ತಂದು, ಆ ವಾರವೇ ಜೋಡಿಸಿ, ಒಂದೆರಡು ದಿನ ಚೆನ್ನಾಗಿ ದುಡಿಸಿ ನೋಡ್ರಿ. ಡಬ್ಬಿಗಳನ್ನ ವಾರಂಟಿ ಮುಗಿಯೋ ತನಕ ಅಟ್ಟದ ಮೇಲೆ ಇಡ್ರಿ, ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿ ಒಂದು ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ರಿ, ಕೆಲವು ಬಿಲ್ಲಿನ ಪ್ರಿಂಟು ವರ್ಷ ಕಳೆಯೋದ್ರೊಳಗೆ ಅಳಿಸಿ ಬರೀ ಬಿಳಿ ಹಾಳೆ ಆಗಿರುತ್ತೆ.